ಮಾರಿಯ ಕಾಲದ ಮಾತು

ಮಹಾರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸತ್ತವರ ಲೆಕ್ಕದಿಂದ ಆರಂಭಿಸುತ್ತಾರೆ. ಅದು ಸಹಜವೇ. ಆದರೆ ಸಾವಿನ ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಬದುಕಿದ್ದವರು ಆ ದಿನಗಳಲ್ಲಿ ಏನು ಮಾತಾಡಿಕೊಂಡರು, ಯಾರ ಮಾತನ್ನು ನಂಬಿದರು, ಯಾರ ಮಾತನ್ನು ತಳ್ಳಿದರು ಎಂಬುದೇ ಆ ಲೆಕ್ಕ. ರೋಗವು ಮೈಯನ್ನು ಪರೀಕ್ಷಿಸುವಂತೆ ಒಂದು ಸಮಾಜದ ಮಾತನ್ನೂ ಪರೀಕ್ಷಿಸುತ್ತದೆ. ಅಧಿಕಾರಿಯ ಅಪ್ಪಣೆ, ವೈದ್ಯನ ಸಲಹೆ, ಪಂಡಿತನ ಭವಿಷ್ಯ, ಪೂಜಾರಿಯ ಹೇಳಿಕೆ, ಸಂತೆಯ ಗಾಳಿಸುದ್ದಿ ಇವೆಲ್ಲ ಒಂದೇ ಬಾಗಿಲಿಗೆ ಒಟ್ಟಿಗೆ ಬಂದು ನಿಂತಾಗ ಮನೆಯ ಯಜಮಾನನು ಯಾರನ್ನು ಒಳಗೆ ಕರೆಯುತ್ತಾನೆ ಎಂಬುದರ ಮೇಲೆ ಎಷ್ಟೋ ಜೀವಗಳ ಅಳಿವು ಉಳಿವು ನಿಂತಿರುತ್ತದೆ.

ಮಂಗಳೂರೆಂದೊಡನೆ ನಮ್ಮ ಕಣ್ಣ ಮುಂದೆ ಕಡಲು, ಹೆಂಚು, ತೆಂಗು ಬರುತ್ತವೆ. ಆದರೆ ಕೊಪ್ಪಳ ಸೀಮೆಯಲ್ಲಿಯೂ ಒಂದು ಮಂಗಳೂರಿದೆ. ಎಲಬುರ್ಗಾದ ನೆರೆಯಲ್ಲಿ, ಕುಕನೂರಿನ ಹತ್ತಿರ, ಜೋಳ ಬೆಳೆಯುವ ಬಯಲಿನ ಊರು ಅದು. ಪಡುವಣಕ್ಕೆ ಕೆಲವು ಹರದಾರಿ ನಡೆದರೆ ಗದಗ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಎರಡರ ನಡುವೆ ಒಂದು ಗಡಿ ಹಾದಿತ್ತು. ಗದಗ, ಹುಬ್ಬಳ್ಳಿ, ಧಾರವಾಡಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಕುಷ್ಟಗಿ, ಎಲಬುರ್ಗಾ, ಗಂಗಾವತಿಗಳು ಹೈದರಾಬಾದಿನ ನಿಜಾಮರ ಸಂಸ್ಥಾನದವು. ಕೊಪ್ಪಳವು ಅದೇ ಸಂಸ್ಥಾನದೊಳಗೆ ಸಾಲಾರಜಂಗರ ಜಾಗೀರು. ಈ ಕಡೆ ಒಂದು ಸರಕಾರ, ಆ ಕಡೆ ಇನ್ನೊಂದು. ಆದರೆ ಸಂತೆಗೆ ಹೋಗುವ ಬಂಡಿಗೆ, ತವರಿಗೆ ಹೋಗುವ ಮಗಳಿಗೆ, 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಗದಗು, ಕೊಪ್ಪಳಗಳ ಮೂಲಕ ಗುಂತಕಲ್ಲಿನ ಕಡೆಗೆ ಹಾಸಿದ ರೈಲುಹಳಿಗೆ ಆ ಗಡಿ ಅಷ್ಟಾಗಿ ಕಾಣುತ್ತಿರಲಿಲ್ಲ. ರೋಗಕ್ಕಂತೂ ಕಾಣಲೇ ಇಲ್ಲ.

1896ರ ಸಪ್ಟಂಬರಿನಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಡ್ಡೆ ಎದ್ದು ಜ್ವರದಿಂದ ಸಾಯುತ್ತಿದ್ದ ರೋಗಿಗಳನ್ನು ಕಂಡು, ಇದು ಪ್ಲೇಗು ಎಂದು ಸಾರಿದರು. ಆ ಮಾತನ್ನು ಒಪ್ಪಿಕೊಳ್ಳುವುದು ಯಾರಿಗೂ ಬೇಕಾಗಿರಲಿಲ್ಲ. ಬಂದರಿನ ವ್ಯಾಪಾರಿಗೆ ಹಡಗು ನಿಂತೀತೆಂಬ ಭಯ, ಗಿರಣಿಯ ಮಾಲಿಕನಿಗೆ ಕೂಲಿಗಳು ಓಡಿಯಾರೆಂಬ ಭಯ, ಸರಕಾರಕ್ಕೆ ಯುರೋಪಿನ ದೇಶಗಳು ಹಿಂದುಸ್ಥಾನದ ಸರಕನ್ನೇ ಬಹಿಷ್ಕರಿಸಿಯಾವೆಂಬ ಭಯ. ರೋಗದ ಹೆಸರನ್ನು ಹೇಳಲು ಹಿಂಜರಿಯುತ್ತಿರುವಾಗಲೇ ಜನ ಊರು ಬಿಟ್ಟು ಹೊರಟರು. ಅವರೊಡನೆ ರೋಗವೂ ಹೊರಟಿತು. 1897ರಲ್ಲಿ ಪುಣೆ, ಆ ವರ್ಷದ ಕೊನೆಯ ಹೊತ್ತಿಗೆ ಹುಬ್ಬಳ್ಳಿಯ ಕಡೆ, 1898ರ ಆಗಸ್ಟಿನಲ್ಲಿ ಬೆಂಗಳೂರು, ಆಮೇಲೆ ಮೈಸೂರು. ಬೆಂಗಳೂರಿನ ಪೇಟೆ ಮತ್ತು ದಂಡು ಸೇರಿ 1891ರಲ್ಲಿ 1 ಲಕ್ಷ 80 ಸಾವಿರವಿದ್ದ ಜನಸಂಖ್ಯೆ 1901ರಲ್ಲಿ 1 ಲಕ್ಷ 59 ಸಾವಿರಕ್ಕೆ ಇಳಿದಿತ್ತು. ಮೈಸೂರು ನಗರದ್ದು 74 ಸಾವಿರದಿಂದ 68 ಸಾವಿರಕ್ಕೆ ಇಳಿಯಿತು. ಇಳಿದವರೆಲ್ಲ ಸತ್ತವರಲ್ಲ, ಎಷ್ಟೋ ಮಂದಿ ಓಡಿಹೋದವರು. ಆದರೆ ಓಟವೂ ರೋಗದ ಚರಿತ್ರೆಯ ಒಂದು ಅಧ್ಯಾಯವೇ.

ಇನ್ನು ಸರಕಾರದ ಮಾತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಟಿತು. ಅದೇ ತಿಂಗಳು ವೆನಿಸ್ ನಗರದಲ್ಲಿ ಪ್ಲೇಗನ್ನೇ ವಿಷಯವಾಗಿಟ್ಟುಕೊಂಡು ಅಂತರರಾಷ್ಟ್ರೀಯ ಸಮ್ಮೇಳನ ಕೂಡಿತ್ತು. ಅಲ್ಲಿ ತಲೆ ತಗ್ಗಿಸಬಾರದೆಂಬ ಆತುರದಿಂದ ಇಲ್ಲಿ ಕಟ್ಟುನಿಟ್ಟು ಏರಿತು. ಮನೆ ಮನೆ ಹೊಕ್ಕು ತಪಾಸಣೆ. ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಬೇರೆ ಕ್ಯಾಂಪಿಗೂ ಒಯ್ಯುವುದು. ಹಾಸಿಗೆ ಬಟ್ಟೆ ಸುಡುವುದು. ನೆಲಕ್ಕೆ ಗೋಡೆಗೆ ಕಟು ಮದ್ದು ಎರಚುವುದು. ರೈಲು ನಿಲ್ದಾಣದಲ್ಲಿ ಗಂಡಸು ಹೆಂಗಸರೆನ್ನದೆ ಕಂಕುಳು ಮುಟ್ಟಿ ನೋಡುವುದು. ಹೆಣವನ್ನು ಪರೀಕ್ಷಿಸದೆ ಎತ್ತಗೊಡದಿರುವುದು. ಉದ್ದೇಶ ಕೆಟ್ಟದ್ದಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಅಡುಗೆಮನೆಗೆ ಬೂಟುಗಾಲಿನಲ್ಲಿ ನುಗ್ಗಿ ಬಂದ ಉಪಕಾರವನ್ನು ಉಪಕಾರವೆಂದು ತಿಳಿಯುವುದು ಯಾರಿಗೂ ಸುಲಭವಲ್ಲ.

ಪರಿಣಾಮ ಬೇಗನೆ ಕಂಡಿತು. ಮುಂಬಯಿಯಲ್ಲಿ 1896ರ ಅಕ್ಟೋಬರಿನಲ್ಲಿಯೇ ಗಿರಣಿ ಕೆಲಸಗಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ಬಿದ್ದಿದ್ದರು. ಆಸ್ಪತ್ರೆಗೆ ಹೋದವರು ಮರಳುವುದಿಲ್ಲ, ಅಲ್ಲಿ ಬೇಕೆಂದೇ ಕೊಲ್ಲುತ್ತಾರೆ ಎಂಬ ಸುದ್ದಿ ಹಬ್ಬಿತ್ತು. 1897ರ ಜೂನಿನಲ್ಲಿ ಪುಣೆಯ ಪ್ಲೇಗು ಅಧಿಕಾರಿ ರ್‍ಯಾಂಡನನ್ನು ಚಾಫೇಕರ ಸೋದರರು ಗುಂಡಿಟ್ಟರು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ದಂಗೆ ಎದ್ದರು. ಈ ದಂಗೆಗಳನ್ನು ಅಜ್ಞಾನವೆಂದು ಕರೆದು ಮುಗಿಸಿಬಿಡುವುದು ಆ ಕಾಲದ ವರದಿಗಳ ವಾಡಿಕೆ. ಆದರೆ ಗಾಳಿಸುದ್ದಿ ಶೂನ್ಯದಲ್ಲಿ ಹುಟ್ಟುವುದಿಲ್ಲ. ಆಸ್ಪತ್ರೆಗೆ ಹೋದವರಲ್ಲಿ ಬಹುಮಂದಿ ಮರಳಿ ಬರುತ್ತಿರಲಿಲ್ಲ ಎಂಬುದು ನಿಜವಾಗಿತ್ತು. ಏಕೆ ಬರುತ್ತಿಲ್ಲ ಎಂಬುದನ್ನು ಅವರ ಭಾಷೆಯಲ್ಲಿ ಕುಳಿತು ಹೇಳುವವರು ವಿರಳವಾಗಿದ್ದರು. ಹೇಳದೆ ಬಿಟ್ಟ ಜಾಗವನ್ನು ಸುದ್ದಿ ತುಂಬಿತು.

ಈಗ ತಜ್ಞರ ಮಾತಿಗೆ ಬರೋಣ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಮತ್ತು ಕಿಟಾಸಾಟೊ ಎಂಬ ವಿಜ್ಞಾನಿಗಳು ಪ್ಲೇಗಿನ ಸೂಕ್ಷ್ಮಾಣುವನ್ನು ಕಂಡಿದ್ದರು. ರೋಗದ ಬೀಜ ತಿಳಿದಿತ್ತು. ಆದರೆ ಆ ಬೀಜ ಒಬ್ಬನಿಂದ ಇನ್ನೊಬ್ಬನಿಗೆ ಹೇಗೆ ದಾಟುತ್ತದೆ ಎಂಬುದು ತಿಳಿದಿರಲಿಲ್ಲ. ಕೊಳಕಿನಿಂದ, ನೆಲದಿಂದ, ಬಟ್ಟೆಯಿಂದ, ಧಾನ್ಯದಿಂದ ಎಂದು ಊಹೆಗಳು ಹಲವು. ಕೊಳಕೇ ಕಾರಣವೆಂದು ಬಗೆದು ನಗರಗಳನ್ನು ತೊಳೆದರು. ಚರಂಡಿಗೆ ಮದ್ದು ಸುರಿದಾಗ ಇಲಿಗಳು ಆ ಮನೆ ಬಿಟ್ಟು ಪಕ್ಕದ ಮನೆಗೆ ನಡೆದವು. ಮುಂಬಯಿಯಲ್ಲಿ 1897ರ ಬೇಸಗೆಗೆ ಸಾವು ಇಳಿದಾಗ, ಇನ್ನು ಪೀಡೆ ತೊಲಗಿತೆಂದು ನೆಮ್ಮದಿಪಟ್ಟವರಿದ್ದರು. ಚಳಿಗಾಲಕ್ಕೆ ಅದು ಮರಳಿ ಬಂದಿತು. ಮುಂದೆ ವರ್ಷ ವರ್ಷವೂ ಬಂದಿತು. 1907ನೆಯ ಒಂದೇ ವರ್ಷದಲ್ಲಿ ಹಿಂದುಸ್ಥಾನದಲ್ಲಿ ಸುಮಾರು 13 ಲಕ್ಷ ಜನ ಅದಕ್ಕೆ ಬಲಿಯಾದರು.

1898ರಲ್ಲಿ ಕರಾಚಿಯಲ್ಲಿದ್ದ ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯನು, ರೋಗವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ಪ್ರಯೋಗದಿಂದ ತೋರಿಸಿದನು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟ ಅದನ್ನು ಬಿಟ್ಟು ಇನ್ನೊಂದು ಬಿಸಿ ಮೈಯನ್ನು ಹುಡುಕುತ್ತದೆ. ಇಲಿಗಳು ತೀರಿದಾಗ ಮನುಷ್ಯನ ಮೈಗೆ ಬರುತ್ತದೆ. ವಿದ್ವಾಂಸರ ಲೋಕ ಇದನ್ನು ಕೇಳಿ ನಕ್ಕಿತು. ಸರಕಾರ ನೇಮಿಸಿದ ಪ್ಲೇಗು ಆಯೋಗವೂ ಈ ಮಾತಿಗೆ ಬೆಲೆ ಕೊಡಲಿಲ್ಲ. 1905ರಲ್ಲಿ ಆರಂಭವಾದ ಇನ್ನೊಂದು ಸಂಶೋಧನಾ ಮಂಡಳಿ ಮುಂಬಯಿಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ ಮೇಲೆಯೇ ಸಿಮಂಡ್ ಹೇಳಿದ್ದು ಸರಿಯೆಂದು ಲೋಕ ಒಪ್ಪಿತು. ಆ ಹೊತ್ತಿಗೆ ಎಷ್ಟೋ ಲಕ್ಷ ಜೀವಗಳು ಹೋಗಿದ್ದವು.

ಇಲ್ಲೊಂದು ವಿಚಿತ್ರವಿದೆ. ವಿದ್ವಾಂಸರು ವಾದಿಸುತ್ತಿದ್ದ ಕಾಲದಲ್ಲಿಯೇ ನಮ್ಮ ಹಳ್ಳಿಗರ ಬಾಯಲ್ಲಿ ಒಂದು ಸಣ್ಣ ಮಾತು ನೆಲೆಯೂರಿತ್ತು: ‘ಇಲಿ ಬಿದ್ದವು.’ ಅಷ್ಟೇ ಮಾತು. ಜಂತಿಯಿಂದಲೋ ಹಗೇವಿನ ಬಾಯಲ್ಲಿಯೋ ಸತ್ತ ಇಲಿ ಕಂಡರೆ ಊರು ಬಿಡಬೇಕು. ಜನ ಹೊಲಗಳಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇದ್ದು, ಪೀಡೆ ಹೋದ ಮೇಲೆ ಸಾರಿಸಿ ಸುಣ್ಣ ಬಳಿದು ಮನೆ ಹೊಗುತ್ತಿದ್ದರು. ಹಿಮಾಲಯದ ಕುಮಾವೂನ್ ಸೀಮೆಯ ಜನರೂ ಇಲಿ ಸತ್ತೊಡನೆ ಹಳ್ಳಿ ತೊರೆಯುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ಚಿಗಟದ ಶಾಸ್ತ್ರ ಇವರಿಗೆ ತಿಳಿದಿರಲಿಲ್ಲ. ಆದರೆ ಚಿಗಟವಿರುವ ಮನೆಯಿಂದ ದೂರ ಸರಿಯುವುದೇ ಆ ಕಾಲಕ್ಕೆ ಇದ್ದ ಅತ್ಯಂತ ಒಳ್ಳೆಯ ಉಪಾಯವಾಗಿತ್ತು. ಕಣ್ಣಿಟ್ಟು ನೋಡಿದವರ ಅನುಭವ, ಕಾರಣ ತಿಳಿಯದೆಯೂ, ಸರಿಯಾದ ಹಾದಿಯನ್ನು ಹಿಡಿದಿತ್ತು.

ಹಾಗೆಂದು ಹಳ್ಳಿಯ ವಿವೇಕವನ್ನು ಕಣ್ಣು ಮುಚ್ಚಿ ಹೊಗಳುವಂತಿಲ್ಲ. ಹೊಲದಲ್ಲಿ ಗುಡಿಸಲು ಹಾಕಿದವನು ಉಳಿದ; ಗಂಟು ಮೂಟೆ ಕಟ್ಟಿಕೊಂಡು ನೆಂಟರ ಊರಿಗೆ ಹೋದವನು ಬಟ್ಟೆಯ ಮಡಿಕೆಯಲ್ಲಿ, ಕಾಳಿನ ಚೀಲದಲ್ಲಿ ಚಿಗಟವನ್ನೂ ಒಯ್ದ. ಹೊಲವಿದ್ದವನಿಗೆ ಊರ ಹೊರಗೆ ನೆಲೆ ಇತ್ತು, ಕೂಲಿಯವನಿಗೆ ಎಲ್ಲಿತ್ತು? ಮಾರಿಯು ಬಡವ ಬಲ್ಲಿದರನ್ನು ಸಮನಾಗಿ ನೋಡುತ್ತದೆಂಬ ಮಾತು ಕೇಳಲು ಚೆನ್ನಾಗಿದೆ. ಚರಿತ್ರೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಈ ಕಥೆಯಲ್ಲಿ ಹುಬ್ಬಳ್ಳಿಗೆ ಒಂದು ವಿಶೇಷ ಸ್ಥಾನವಿದೆ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಅದು ಪೂರ್ಣ ಕವಚವಾಗಿರಲಿಲ್ಲ. ಆದರೆ ಅಪಾಯವನ್ನು ಬಹುವಾಗಿ ತಗ್ಗಿಸುತ್ತಿತ್ತು. ಈ ಮದ್ದು ಅತ್ಯಂತ ವಿಶಾಲವಾಗಿ ಪರೀಕ್ಷೆಗೆ ಒಳಗಾದ ಊರುಗಳಲ್ಲಿ ಹುಬ್ಬಳ್ಳಿ ಪ್ರಮುಖವಾದದ್ದು. 1898ರಲ್ಲಿ ಲ್ಯೂಮನ್ ಎಂಬ ಸೇನಾ ವೈದ್ಯನ ಮೇಲ್ವಿಚಾರಣೆಯಲ್ಲಿ, ಕೆಲವೇ ತಿಂಗಳಲ್ಲಿ, ಸುಮಾರು 38 ಸಾವಿರ ಜನ ಅಲ್ಲಿ ಚುಚ್ಚಿಸಿಕೊಂಡರು. ಊರಿನ ಒಟ್ಟು ಜನಸಂಖ್ಯೆ 50-60 ಸಾವಿರದ ಆಸುಪಾಸು. ಪುಣೆಯಲ್ಲಿ ಗುಂಡು ಹಾರಿ ಒಂದು ವರ್ಷವಷ್ಟೇ ಆಗಿತ್ತು. ಗಂಜಾಮಿನ ದಂಗೆಯೂ ಅದೇ ವರ್ಷದ್ದು. ಚುಚ್ಚಿದರೆ ಗಂಡಸುತನ ಹೋಗುತ್ತದೆ, ಜಾತಿ ಕೆಡುತ್ತದೆ ಎಂಬ ಸುದ್ದಿಗಳು ನಾಡಿನಲ್ಲೆಲ್ಲ ಓಡಾಡುತ್ತಿದ್ದವು. ಹೀಗಿರುವಲ್ಲಿ ಹುಬ್ಬಳ್ಳಿಯ ನೇಕಾರರು, ರೈಲು ಕಾರ್ಖಾನೆಯ ಕೆಲಸಗಾರರು, ಪೇಟೆಯವರು ತೋಳೊಡ್ಡಿದ್ದು ಸಣ್ಣ ಸಂಗತಿಯಲ್ಲ. ಚುಚ್ಚಿಸಿಕೊಂಡವರ ಮನೆಯಲ್ಲಿ ಸಾವು ಕಡಿಮೆ ಎಂಬುದು ಬೀದಿಯವರಿಗೆ ಎದುರಿಗೇ ಕಾಣುತ್ತಿತ್ತು. ಅಪ್ಪಣೆಗಿಂತ ಕಣ್ಣಾರೆ ಕಂಡದ್ದು ಹೆಚ್ಚು ಕೆಲಸ ಮಾಡಿತೆಂದು ತಿಳಿಯಬೇಕಾಗುತ್ತದೆ.

ಆದರೆ ನಂಬಿಕೆ ಗಾಜಿನ ಪಾತ್ರೆ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಶೀಸೆಯಿಂದ ಮದ್ದು ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಕೆಲಸ ಕಳೆದುಕೊಂಡನು. ತಪ್ಪು ಅವನ ಪ್ರಯೋಗಶಾಲೆಯದಲ್ಲ, ಹಳ್ಳಿಯಲ್ಲಿ ಶೀಸೆ ತೆರೆದಾಗ ಆದದ್ದೆಂಬುದು ವಿದ್ವಾಂಸರಿಗೆ ಮನವರಿಕೆಯಾಗಿ ಅವನ ಹೆಸರು ಶುದ್ಧವಾಗಲು 1907ನೆಯ ಇಸವಿಯೇ ಬರಬೇಕಾಯಿತು. 19 ಸಾವುಗಳ ಸುದ್ದಿ ಮುಟ್ಟಿದ ಹಳ್ಳಿಗಳಿಗೆಲ್ಲ ಸಾವಿರ ಜೀವ ಉಳಿದ ಸುದ್ದಿ ಮುಟ್ಟುವುದಿಲ್ಲ. ಉಳಿದವನು ಮನೆಯಲ್ಲಿ ಉಣ್ಣುತ್ತಿರುತ್ತಾನೆ. ಅವನ ಬಗ್ಗೆ ಯಾರೂ ಲಾವಣಿ ಕಟ್ಟುವುದಿಲ್ಲ.

ದೇವರ ಮಾತು ಬಾರದೆ ಮಾರಿಯ ಕಥೆ ಪೂರ್ಣವಾಗದು. ನಮ್ಮಲ್ಲಿ ‘ಮಾರಿ’ ಎಂಬ ಶಬ್ದವೇ ರೋಗಕ್ಕೂ ದೇವತೆಗೂ ಒಂದೇ. ಕೊಲ್ಲುವವಳೂ ಅವಳೇ, ಕಾಯುವವಳೂ ಅವಳೇ. ಸಿಡುಬು ಬಂದರೆ ‘ಅಮ್ಮ ಬಂದಳು’ ಎನ್ನುವ ಜನ, ಪ್ಲೇಗನ್ನೂ ತಾಯಿಯ ಸಿಟ್ಟೆಂದೇ ತಿಳಿದರು. ಬೆಂಗಳೂರಿನಲ್ಲಿ ಪ್ಲೇಗು ಮಾರಮ್ಮನ ಗುಡಿಗಳೆದ್ದವು. ರೋಗ ಹೋದ ಮೇಲೂ ಹೆಸರು ಉಳಿಯಿತು. ಬಯಲುಸೀಮೆಯ ಹಲವು ಹಳ್ಳಿಗಳಲ್ಲಿ ‘ಹೊರಬೀಡು’ ಎಂಬ ಆಚರಣೆಯಿದೆ. ಗೊತ್ತಾದ ದಿನ ದನಕರು ಸಹಿತ ಇಡೀ ಊರು ಹೊರಗೆ ಹೋಗಿ, ಅಲ್ಲಿಯೇ ಅಡುಗೆ ಮಾಡಿ ಉಂಡು, ಹೊತ್ತು ಮುಳುಗಿದ ಮೇಲೆ ಮರಳುತ್ತದೆ. ಇಲಿ ಬಿದ್ದಾಗ ಊರು ಬಿಡುವ ಜಾಣ್ಮೆಗೂ ಈ ವ್ರತಕ್ಕೂ ಎಲ್ಲೋ ಒಂದು ನಂಟಿದ್ದರೆ ಆಶ್ಚರ್ಯವಿಲ್ಲ. ಊರು ಬಿಡಬೇಕೆಂಬ ಕಠಿಣ ಮಾತನ್ನು ಅಧಿಕಾರಿ ಹೇಳಿದರೆ ಕಲ್ಲು ಬೀಳುತ್ತದೆ. ತಾಯಿ ಹೇಳಿದಳೆಂದರೆ ಗಾಡಿ ಹೂಡುತ್ತಾರೆ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಮಾರಿಯನ್ನು ಹೊರಿಸಿ ಊರ ಗಡಿ ದಾಟಿಸಿದರೆ, ಆ ಗಡಿಯಾಚೆ ಇರುವುದೂ ಒಂದು ಊರೇ. ತನ್ನ ಪೀಡೆಯನ್ನು ನೆರೆಯವನ ಹೊಲಕ್ಕೆ ನೂಕುವುದು ಭಕ್ತಿಯೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳದಿರಲಾರೆವು. ನಮ್ಮ ಕಾದಂಬರಿಕಾರರು ಈ ಮುಖವನ್ನು ಚೆನ್ನಾಗಿ ಕಂಡಿದ್ದಾರೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಹೆಣ ಎತ್ತುವವರು ಯಾರೆಂಬ ಶಾಸ್ತ್ರದ ತೊಡಕನ್ನು ಅಗ್ರಹಾರ ಬಿಡಿಸುತ್ತ ಕುಳಿತಿರುವಾಗ ಇಲಿಗಳು ಬೀಳುತ್ತಿರುತ್ತವೆ, ಹದ್ದುಗಳು ಇಳಿಯುತ್ತಿರುತ್ತವೆ, ಅವನ್ನು ಓದಿಸಲು ಜಾಗಟೆ ಬಾರಿಸುವವರಿಗೆ ಇಲಿ ಏಕೆ ಸತ್ತಿತೆಂಬ ಪ್ರಶ್ನೆ ಹೊಳೆಯುವುದಿಲ್ಲ. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗು ನಂಜಮ್ಮನ ಮಕ್ಕಳನ್ನು ಒಯ್ಯುತ್ತದೆ. ಅಲ್ಲಿ ರೋಗ ದೊಡ್ಡ ಸಂಕೇತವೇನೂ ಅಲ್ಲ, ಒಂದು ಮನೆಯ ನೇರ ಶೋಕ.

ಧರ್ಮದ ಹೆಸರಿನಲ್ಲಿಯೇ ನಡೆದ ಇನ್ನೊಂದು ಬಗೆಯ ಕೆಲಸವನ್ನೂ ಮರೆಯುವಂತಿಲ್ಲ. ಆಗಾಖಾನರು ಮುಂಬಯಿಯಲ್ಲಿ ತಮ್ಮ ಅನುಯಾಯಿಗಳ ಎದುರಿಗೆ ಸ್ವತಃ ಚುಚ್ಚುಮದ್ದು ತೆಗೆದುಕೊಂಡು ಭಯವನ್ನು ಓಡಿಸಿದರು. 1898ರಲ್ಲಿ ಕಲಕತ್ತೆಗೆ ಪ್ಲೇಗಿನ ಭೀತಿ ತಗುಲಿದಾಗ ಸ್ವಾಮಿ ವಿವೇಕಾನಂದರು ಜನರಿಗೆ ಧೈರ್ಯ ಹೇಳುವ ಪ್ರಕಟಣೆ ಹೊರಡಿಸಿ, ಸೇವೆಗೆ ಹಣ ಸಾಲದಿದ್ದರೆ ಮಠಕ್ಕೆಂದು ಕೊಂಡ ಭೂಮಿಯನ್ನೇ ಮಾರಲು ಸಿದ್ಧರಾಗಿದ್ದರು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ರೋಗಿಗಳ ಶುಶ್ರೂಷೆ ಮಾಡುತ್ತಲೇ ರೋಗ ತಗುಲಿ 1897ರ ಮಾರ್ಚಿ 10ರಂದು ತೀರಿಕೊಂಡರು. ಅವರ ದಾರಿ ಗುಡಿಯದಲ್ಲ, ಸತ್ಯಶೋಧಕರದು. ಆದರೆ ಮಾರಿಯ ಕಾಲದಲ್ಲಿ ಈ ದಾರಿಗಳೆಲ್ಲ ರೋಗಿಯ ಹಾಸಿಗೆಯ ಬಳಿ ಕೂಡುತ್ತವೆ.

ಪ್ಲೇಗಿನ ಬೆನ್ನಿಗೆ 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಅದು ಯಾರಿಗೂ ಭವಿಷ್ಯ ನುಡಿಯಲು ಅವಕಾಶ ಕೊಡಲಿಲ್ಲ. ಮುಂಗಾರು ಕೈಕೊಟ್ಟ ವರ್ಷ, ಮಹಾಯುದ್ಧದ ಬೆಲೆಯೇರಿಕೆ, ಅದರ ಮೇಲೆ ಸಪ್ಟಂಬರ್ ಅಕ್ಟೋಬರಿನ ಜ್ವರ. ಕೆಲವೇ ವಾರಗಳಲ್ಲಿ ದೇಶದಾದ್ಯಂತ ಒಂದು ಕೋಟಿಗೂ ಮಿಕ್ಕಿ ಜನ ಹೋದರು. ಕೊಪ್ಪಳ ಸೀಮೆಯನ್ನು ಒಳಗೊಂಡ ಹೈದರಾಬಾದ ಸಂಸ್ಥಾನದ ಜನಸಂಖ್ಯೆ 1911ರಲ್ಲಿ 1 ಕೋಟಿ 33 ಲಕ್ಷವಿದ್ದದ್ದು 1921ರಲ್ಲಿ 1 ಕೋಟಿ 24 ಲಕ್ಷಕ್ಕೆ ಬಂದಿತ್ತು. ಅಷ್ಟು ದೊಡ್ಡ ಸಾವು ಜನರ ನೆನಪಿನಲ್ಲಿ ಪ್ಲೇಗಿನಷ್ಟು ಆಳವಾಗಿ ಕೂತಿಲ್ಲ. ಅದಕ್ಕೆ ಗುಡಿಯೂ ಏಳಲಿಲ್ಲ, ದಂಗೆಯೂ ಆಗಲಿಲ್ಲ. ಮಾತಿಗೇ ಸಿಗದ ಸಾವು ನೆನಪಿಗೂ ಸಿಗುವುದು ಕಷ್ಟವೆಂದು ಕಾಣುತ್ತದೆ.

ನೂರು ವರ್ಷಗಳ ಮೇಲೆ ಇದೇ ನಾಟಕ ಮತ್ತೆ ನಡೆಯಿತು. ಕೋವಿಡ್‌ನಿಂದ ದೇಶದಲ್ಲಿ ಆದ ಮೊದಲ ಸಾವು 2020ರ ಮಾರ್ಚಿಯಲ್ಲಿ ಕಲಬುರ್ಗಿಯದೆಂದು ದಾಖಲಾಯಿತು. 1897ರ ಕಾಯಿದೆಯನ್ನೇ ಮತ್ತೆ ಕಪಾಟಿನಿಂದ ತೆಗೆದರು. ಈ ಸಲ ತಜ್ಞರಿಗೆ ರೋಗದ ಬೀಜವೂ ಗೊತ್ತಿತ್ತು, ದಾಟುವ ದಾರಿಯೂ ಬೇಗನೆ ಗೊತ್ತಾಯಿತು. ಆದರೆ ಭವಿಷ್ಯ ನುಡಿಯುವ ಕಷ್ಟ ಹಾಗೆಯೇ ಉಳಿಯಿತು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನೇಮಿಸಿದ ವಿಜ್ಞಾನಿಗಳ ಸಮಿತಿಯೊಂದು, ಎಚ್ಚರಿಕೆ ತಪ್ಪದಿದ್ದರೆ 2021ರ ಫೆಬ್ರವರಿ ಹೊತ್ತಿಗೆ ರೋಗ ಹಿಡಿತಕ್ಕೆ ಬರುತ್ತದೆಂದು ಗಣಿತದಿಂದ ತೋರಿಸಿತು. ನಮ್ಮ ರಾಜ್ಯದ ತಾಂತ್ರಿಕ ಸಲಹಾ ಸಮಿತಿ ಅದೇ ವರ್ಷದ ಕೊನೆಗೆ, ಜನವರಿ ಫೆಬ್ರವರಿಯಲ್ಲಿ ಎರಡನೆಯ ಅಲೆ ಬರಬಹುದೆಂದು ಎಚ್ಚರಿಸಿತು. ಅಲೆ ಬಂದಿತು, ಏಪ್ರಿಲ್ ಮೇ ತಿಂಗಳಲ್ಲಿ. ಒಬ್ಬರು ಹೇಳಿದ ನೆಮ್ಮದಿ ಹುಸಿಯಾಯಿತು. ಇನ್ನೊಬ್ಬರು ಹೇಳಿದ ಭಯ ತಿಂಗಳು ತಪ್ಪಿ ನಿಜವಾಯಿತು. ಜನ ನೆಚ್ಚಿಕೊಂಡದ್ದು ನೆಮ್ಮದಿಯ ಮಾತನ್ನು. ‘ಎಚ್ಚರಿಕೆ ತಪ್ಪದಿದ್ದರೆ’ ಎಂಬ ಷರತ್ತು ಸಂತೆಯವರೆಗೆ ಬರುವಷ್ಟರಲ್ಲಿ ಕಳಚಿಬಿದ್ದಿತ್ತು.

ದೇವರೂ ಮತ್ತೆ ಬಂದರು. 2021ರಲ್ಲಿ ಕೊಯಮತ್ತೂರಿನ ಬಳಿ ಕೊರೊನಾ ದೇವಿಯ ವಿಗ್ರಹವೇ ಪ್ರತಿಷ್ಠೆಯಾಯಿತು. 2020ರ ಮಾರ್ಚಿಯಿಂದ ಜೂನಿನವರೆಗೆ ನಾಡಿನ ಗುಡಿ, ಮಸೀದಿ, ಇಗರ್ಜಿಗಳ ಬಾಗಿಲು ಭಕ್ತರಿಗೆ ಮುಚ್ಚಿದವು. ಹುಲಿಗಿಯ ಹುಲಿಗೆಮ್ಮನ ತೀರದಲ್ಲಿ ಜನವಿಲ್ಲದೆ ತುಂಗಭದ್ರೆ ಹರಿದಳು. ಆದರೆ ಬಾಗಿಲು ಮುಚ್ಚಿದ್ದಕ್ಕಿಂತ ಬಾಗಿಲು ತೆರೆದದ್ದು ಹೆಚ್ಚು ನೆನಪಿಡಬೇಕಾದದ್ದು. 2021ರ ಆ ಕೆಟ್ಟ ದಿನಗಳಲ್ಲಿ ಕೊಪ್ಪಳದ ಗವಿಮಠ, ತನ್ನ ಜಾತ್ರೆಗೆ ಲಕ್ಷಾಂತರ ಜನರನ್ನು ಕರೆಯುವ ಮಠ, ತನ್ನ ಕಟ್ಟಡವನ್ನು ಕೋವಿಡ್ ರೋಗಿಗಳ ಆರೈಕೆಗೆ ಬಿಟ್ಟುಕೊಟ್ಟಿತು. ಮಠದ ಮಾತಿನಲ್ಲಿ ನಂಬಿಕೆಯಿದ್ದ ಹಳ್ಳಿಗನಿಗೆ ಆಸ್ಪತ್ರೆಯ ಹಾಸಿಗೆಯ ಭಯ ಅಲ್ಲಿ ಅರ್ಧ ಇಳಿದಿದ್ದರೆ ಅದು ಸಣ್ಣ ಚಿಕಿತ್ಸೆಯಲ್ಲ.

ಈ ಸವಾಶತಮಾನದ ಕಥೆಯಿಂದ ನಾವು ತಿಳಿಯಬೇಕಾದದ್ದೇನು? ಜನ ಮೂಢರು, ತಜ್ಞರು ಬಲ್ಲವರು ಎಂಬ ವಿಂಗಡಣೆ ನಿಲ್ಲುವುದಿಲ್ಲ. ತಜ್ಞರು ಬಲ್ಲವರಲ್ಲ, ಜನವೇ ಬಲ್ಲವರು ಎಂಬ ತಿರುವುಮುರುವೂ ನಿಲ್ಲುವುದಿಲ್ಲ. ಇಲಿಯನ್ನು ಗಮನಿಸಿದವನು ಹಳ್ಳಿಗ. ಚಿಗಟವನ್ನು ಗಮನಿಸಿದವನು ವಿಜ್ಞಾನಿ. ಇಬ್ಬರೂ ಒಂದೇ ಜಗಲಿಯ ಮೇಲೆ ಕುಳಿತು ಮಾತಾಡಿದ್ದರೆ ಎಷ್ಟೋ ವರ್ಷಗಳೂ ಎಷ್ಟೋ ಜೀವಗಳೂ ಉಳಿಯುತ್ತಿದ್ದವು. ಅವರ ನಡುವೆ ದಂಡನೆಯ ಕಾಯಿದೆ ಬಂದು ನಿಂತಿತು, ತಾತ್ಸಾರ ಬಂದು ನಿಂತಿತು. ತಜ್ಞನು ತನಗೆ ತಿಳಿದದ್ದನ್ನು ಹೇಳುವಷ್ಟೇ ಸ್ಪಷ್ಟವಾಗಿ, ತಿಳಿದದ್ದು ಎಲ್ಲಿಯವರೆಗೆ ಎಂಬುದನ್ನೂ ಹೇಳಬೇಕು. ಕೇಳುವವನು ಆ ಷರತ್ತನ್ನೂ ಕೇಳಿಸಿಕೊಳ್ಳಬೇಕು. ಧರ್ಮವು ಗಡಿಯಾಚೆಗೆ ಮಾರಿಯನ್ನು ನೂಕುವುದನ್ನು ಬಿಟ್ಟು, ಗಡಿಯಾಚೆಯವನನ್ನೂ ತನ್ನವನೆಂದು ಬಗೆಯಬೇಕು.

ಗದಗಿಗೂ ಮಂಗಳೂರಿಗೂ ನಡುವೆ ಹಾದಿದ್ದ ಆ ಸರಕಾರಿ ಗಡಿ ಇಂದು ಇಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಎರಡೂ ಊರುಗಳು ಒಂದೇ ರಾಜ್ಯಕ್ಕೆ ಸೇರಿದವು. ಬಲ್ಲವನಿಗೂ ಭಯಪಡುವವನಿಗೂ ನಡುವಿನ ಗಡಿಯನ್ನು ಅಳಿಸುವ ಕೆಲಸಕ್ಕೆ ಮಾತ್ರ ಯಾವ ಕಾಯಿದೆಯೂ ಸಾಲದು. ಅದನ್ನು ರೋಗವಿಲ್ಲದ ದಿನಗಳಲ್ಲಿ ನಿಧಾನವಾಗಿ ಮಾಡಿಕೊಂಡು ಬರಬೇಕು. ಇಲಿ ಬಿದ್ದ ಮೇಲೆ ಅದಕ್ಕೆ ಹೊತ್ತಿರುವುದಿಲ್ಲ.